ಇಚಲಕರಂಜಿಗೆ ಹೊರಟವರಿಗೆ ನಾಲ್ಕು ಮಾತು

ಐಗಳಿಯ ಕಡೆಯಿಂದ ಇಚಲಕರಂಜಿಯ ದಾರಿ ಹಿಡಿಯುವ ಹುಡುಗನನ್ನು ಕಂಡು ‘ಊರು ಬಿಟ್ಟ’ ಎಂದು ಹಂಗಿಸುವವರಿದ್ದಾರೆ. ‘ದುಡ್ಡಿನ ದಾರಿ ಕಂಡ’ ಎಂದು ಹೊಗಳುವವರೂ ಇದ್ದಾರೆ. ಎರಡೂ ಅರ್ಧ ಸತ್ಯದ ಮಾತುಗಳು. ಕೃಷ್ಣೆಯ ದಂಡೆಯ ಹಳ್ಳಿಗಳಲ್ಲಿ ಕಬ್ಬು ನಿಂತಿರುವಾಗ ಅಥಣಿ ತಾಲೂಕಿನ ಪೂರ್ವಭಾಗ ಬಹುಕಾಲ ಮಳೆಯನ್ನೇ ನೆಚ್ಚಿಕೊಂಡು ಬಂದ ನೆಲ. ಮಳೆ ಕೈಕೊಟ್ಟ ವರ್ಷ ಒಕ್ಕಲಿಗನಿಗೆ ಬೆಳೆಯಿಲ್ಲ, ಆಳಿಗೆ ಕೂಲಿಯಿಲ್ಲ. ಕಾಗವಾಡ ದಾಟಿ ಮಿರಜದ ಮೇಲೆ ಹಾಯ್ದು ಹೋದರೆ ಪಂಚಗಂಗೆಯ ದಂಡೆಯ ಆ ಊರಿನಲ್ಲಿ ಹಗಲೂ ರಾತ್ರಿಯೂ ಮಗ್ಗದ ಸಪ್ಪಳ. ಹೊಟ್ಟೆ ಹಸಿದವನು ಹೋಗುತ್ತಾನೆ. ಅವನು ಏನನ್ನು ತಿಳಿದುಕೊಂಡು ಹೋಗುತ್ತಾನೆ ಎಂಬುದೇ ಪ್ರಶ್ನೆ.

1904ರಲ್ಲಿ ವಿಠ್ಠಲರಾವ್ ದಾತಾರರು ಹೂಡಿದ ಯಂತ್ರಮಗ್ಗದಿಂದ ಆ ಊರಿನ ಉದ್ಯೋಗ ಬೆಳೆಯಿತು. ಅಲ್ಲಿ ಹೆಚ್ಚಿನವು ದೊಡ್ಡ ಗಿರಣಿಗಳಲ್ಲ, ಸಣ್ಣ ಸಣ್ಣ ಶೆಡ್ಡುಗಳು. ಕರೆದೊಯ್ಯುವವನು ‘ತಿಂಗಳಿಗೆ ಇಷ್ಟು ಸಾವಿರ’ ಎಂದು ಹೇಳುತ್ತಾನೆ. ಪಗಾರವಾದರೋ ಮೀಟರಿನ ಲೆಕ್ಕದ ಮೇಲೆ. ಬೀಮು ಬರುವುದು ತಡವಾದರೆ, ಕರೆಂಟು ಹೋದರೆ, ಮಗ್ಗ ಕೆಟ್ಟರೆ ಮೀಟರು ಏರುವುದಿಲ್ಲ, ಪಗಾರವೂ ಏರುವುದಿಲ್ಲ. ಒಬ್ಬನು ಎಷ್ಟು ಮಗ್ಗ ನೋಡಬೇಕು, ಮೀಟರಿಗೆ ಏನು ದರ, ಮಗ್ಗ ನಿಂತ ದಿನದ ಗತಿಯೇನು ಎಂದು ಊರಿನಲ್ಲಿರುವಾಗಲೇ ಕೇಳಿರಿ. ಪಾಳಿ 12 ತಾಸಿನದು. ಒಂದು ವಾರ ಹಗಲಾದರೆ ಮರುವಾರ ರಾತ್ರಿ. ಆ ಸಪ್ಪಳದಲ್ಲಿ ವರ್ಷಗಟ್ಟಲೆ ನಿಂತವನ ಕಿವಿ ಮಂದವಾಗುತ್ತದೆ. ಇದನ್ನು ಯಾವ ಮಾಲೀಕನೂ ಪಗಾರದ ಚೀಟಿಯಲ್ಲಿ ಬರೆಯುವುದಿಲ್ಲ. ಚೀಟಿ ಕೊಡುವ ಮಾಲೀಕನಿದ್ದರೆ ಅದೇ ಒಂದು ಪುಣ್ಯ! 2013ರಲ್ಲಿ ಅಲ್ಲಿಯ ಕಾರ್ಮಿಕರು ಒಂದು ತಿಂಗಳಿಗೂ ಮಿಕ್ಕಿ ಮಗ್ಗ ನಿಲ್ಲಿಸಿ ಮಜೂರಿ ಹೆಚ್ಚಿಸಿಕೊಂಡರು. ಅಂದರೆ ದರವೆಂಬುದು ಹಣೆಬರಹವಲ್ಲ.

ಎಲ್ಲಕ್ಕಿಂತ ಅಂಜಬೇಕಾದದ್ದು ಉಚಲಿಗೆ. ಮದುವೆಗೋ ಬೇನೆಗೋ ಮುಂಗಡ ತೆಗೆದುಕೊಂಡವನು ಶೆಡ್ಡಿನ ಬಾಗಿಲಲ್ಲಿ ತನ್ನ ಮಾತನ್ನೇ ಕಳೆದುಕೊಳ್ಳುತ್ತಾನೆ. ದರ ಕೇಳುವ ಬಾಯಿ ಮುಚ್ಚುತ್ತದೆ, ಕೆಲಸ ಬಿಡುವ ಕಾಲು ಕಟ್ಟುತ್ತದೆ. ಸಾಲ ತೀರುವ ತನಕ ಹೋಗಗೊಡೆವು ಎಂದು ಹಿಡಿದಿಟ್ಟು ದುಡಿಸುವುದು 1976ರ ಜೀತ ವಿಮುಕ್ತಿ ಕಾನೂನಿನ ಪ್ರಕಾರ ಅಪರಾಧ. ಅಂಥ ಜೀತದ ಸಾಲವನ್ನು ತೀರಿಸುವ ಬಾಧ್ಯತೆಯೂ ಇಲ್ಲ. ಕಾನೂನು ಇದೆ ನಿಜ, ಆದರೆ ಅದು ತಾನಾಗಿ ಶೆಡ್ಡಿನೊಳಗೆ ನಡೆದು ಬರುವುದಿಲ್ಲ. ತೆಗೆದುಕೊಂಡ ಹಣವನ್ನೂ ಮುರಿದುಕೊಂಡ ಹಣವನ್ನೂ ನಿಮ್ಮ ಕೈಯಲ್ಲಿಯೇ ಒಂದು ವಹಿಯಲ್ಲಿ ಬರೆದಿಡಿರಿ.

ರೇಶನ್ ಕಾರ್ಡನ್ನು ಮನೆಯಲ್ಲಿ ಬಿಟ್ಟು ಹೋಗುವುದು ನಮ್ಮವರ ರೂಢಿ. ಹೆಂಡತಿ ಮಕ್ಕಳು ಊರಿನಲ್ಲಿದ್ದರೆ ಅದು ಸರಿ. ಕುಟುಂಬವೇ ಹೊರಟರೆ ಆ ಕಾರ್ಡಿನ ಮೇಲೆ ಮಹಾರಾಷ್ಟ್ರದ ಅಂಗಡಿಯಲ್ಲಿಯೂ ಧಾನ್ಯ ಸಿಗುತ್ತದೆ. ಆದರೆ ಕೇಂದ್ರದ ಪಾಲು ಮಾತ್ರ. ನಮ್ಮ ರಾಜ್ಯ ಕೊಡುವ ಹೆಚ್ಚಿನ ಪಾಲು ಗಡಿ ದಾಟುವುದಿಲ್ಲ.

ಮಕ್ಕಳ ಸಂಗತಿ ಇನ್ನೂ ಕಠಿಣ. ದಾಖಲೆ ಬರುವುದು ತಡವಾಯಿತೆಂದು ಶಾಲೆಯವರು ಸೇರಿಸಿಕೊಳ್ಳದೆ ಇರಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾನೂನು ಹೇಳುತ್ತದೆ. ಆದರೆ ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಓದಿದ ಹುಡುಗಿ ಮರಾಠಿ ವರ್ಗದಲ್ಲಿ ಹಿಂದಿನ ಸಾಲಿಗೆ ಸರಿದು, ಕಡೆಗೆ ಶಾಲೆ ಬಿಟ್ಟು ತಾಯಿಯ ಸಂಗಡ ಕಾಂಡಿ ತುಂಬಲು ಕೂಡ್ರುವುದನ್ನು ಯಾವ ಕಾನೂನು ತಡೆದೀತು? ಅಜ್ಜಿ ಊರಿನಲ್ಲಿದ್ದರೆ ಆ ವರ್ಷದ ಪರೀಕ್ಷೆ ಮುಗಿಯುವ ತನಕವಾದರೂ ಮಕ್ಕಳನ್ನು ಅಲ್ಲಿಯೇ ಬಿಡುವುದು ಮೇಲು ಎಂದು ನನ್ನ ಅಭಿಪ್ರಾಯ.

ಊರಿನ ಕಿರಾಣಿ ಅಂಗಡಿಕಾರರಿಗೂ ಒಂದು ಬಿನ್ನಹ. ಹೊಸದಾಗಿ ಹೋದವನ ಮೊದಲ ಪಗಾರ ಸಾಮಾನ್ಯವಾಗಿ ಊರಿಗೆ ಮುಟ್ಟುವುದಿಲ್ಲ. ಖೋಲಿಯ ಠೇವಣಿ, ಖಾನಾವಳಿಯ ಮುಂಗಡ ಅದನ್ನು ನುಂಗಿಬಿಡುತ್ತವೆ. ಅವನ ಮನೆಯವರ ಉದ್ರಿಯನ್ನು ಎರಡನೆಯ ತಿಂಗಳವರೆಗೆ ತಡೆದುಕೊಳ್ಳಿರಿ.