ಲಕ್ವದ ನಂತರ ನಿಲ್ಲಲು ಕಲಿಸುವವರು ಯಾರು?

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಚಾಮರಾಜನಗರ

ವಿಷಯ: ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಪಾರ್ಶ್ವವಾಯು ರೋಗಿಗಳ ಸಮತೋಲನ ತರಬೇತಿ

ಮಾನ್ಯರೇ,

ಲಕ್ವ ಹೊಡೆದವರ ಕಾಲಿಗೆ ಬಲ ಮರಳಿದ ಮೇಲೂ ಬೀಳುವ ಅಪಾಯ ಉಳಿದೇ ಇರುತ್ತದೆ. ಬಲ ಬೇರೆ, ಸಮತೋಲನ ಬೇರೆ. ಕಣ್ಣು, ಒಳಕಿವಿ, ಪಾದ, ಕೀಲುಗಳಿಂದ ಬರುವ ಸುದ್ದಿಯನ್ನು ಮಿದುಳು ಕೂಡಿಸಿ ನೋಡಿ, ದೇಹ ವಾಲುವಷ್ಟರಲ್ಲೇ ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಪಾರ್ಶ್ವವಾಯುವಿನಲ್ಲಿ ಈ ಕೆಲಸ ಕೆಡುತ್ತದೆ. ಹೆಚ್ಚಿನವರು ಭಾರವನ್ನೆಲ್ಲ ಸ್ವಾಧೀನದಲ್ಲಿರುವ ಕಾಲಿನ ಮೇಲೆ ಹಾಕಿ ನಿಲ್ಲುತ್ತಾರೆ. ಕೆಲವರು ಸೋತ ಪಕ್ಕಕ್ಕೇ ತಮ್ಮನ್ನು ತಳ್ಳಿಕೊಳ್ಳುತ್ತಾರೆ. ಬಿದ್ದರೆ ಬಹುಪಾಲು ಸೋತ ಪಕ್ಕಕ್ಕೆ. ಬಳಕೆ ತಪ್ಪಿ ಸವೆದ ಸೊಂಟದ ಮೂಳೆ ಆಗ ಸುಲಭವಾಗಿ ಮುರಿಯುತ್ತದೆ. ಎಣ್ಣೆ ನೀವಿದರೆ ಹಿತವೆನಿಸಬಹುದು, ಅಷ್ಟೆ. ಸಮತೋಲನ ಅಭ್ಯಾಸದಿಂದಲೇ ಬರಬೇಕು.

ಅಭ್ಯಾಸ ಶುರುವಾಗುವುದು ಕೂರುವುದರಿಂದ. ಪಾದ ನೆಲಕ್ಕೂರಿ, ಬೆನ್ನಿಗೆ ಆಸರೆಯಿಲ್ಲದೆ ಮಂಚದ ಅಂಚಿನಲ್ಲಿ ಕೂತು, ಕೈಗೆ ತುಸು ನಿಲುಕದಂತಿಟ್ಟ ಲೋಟವನ್ನು ಬಾಗಿ ಮುಟ್ಟಬೇಕು. ಕೊಳ್ಳೇಗಾಲದ ರೇಷ್ಮೆ ನೇಕಾರರಿಗೆ ಇದು ಸಣ್ಣ ವಿಷಯವಲ್ಲ: ಗುಂಡಿಮಗ್ಗದಲ್ಲಿ ಕೂತು ಕಾಲಲ್ಲಿ ಹಲಗೆ ತುಳಿಯುತ್ತ ಕೈಯಲ್ಲಿ ಲಾಳಿ ಓಡಿಸುವುದು ಪೂರ್ತಿ ಕೂತ ಸಮತೋಲನದ ದುಡಿಮೆ. ಆಮೇಲೆ ಕುರ್ಚಿಯಿಂದ ಮತ್ತೆ ಮತ್ತೆ ಎದ್ದು ಕೂರುವುದು, ಸೋತ ಕಾಲಿಗೆ ಭಾರ ಕೊಡುವುದು, ಪಾದ ಜೋಡಿಸಿ ನಿಲ್ಲುವುದು, ಪಕ್ಕದಲ್ಲಿ ಒಬ್ಬರಿದ್ದಾಗ ಕಣ್ಣು ಮುಚ್ಚಿ ನಿಲ್ಲುವುದು, ತಿರುಗುವುದು, ಮಾತಾಡುತ್ತ ನಡೆಯುವುದು. ಹೊರದೇಶದ ಕೈಪಿಡಿಗಳಲ್ಲಿ ಅಪರೂಪವಾದ ಕುಕ್ಕರಗಾಲಲ್ಲಿ ಕೂತೇಳುವುದೂ ಇಲ್ಲಿ ಪಾಠವಾಗಬೇಕು. ಯಳಂದೂರಿನ ರೈತನಿಗೆ ಗದ್ದೆಯ ಬದುವೇ ಕೊನೆಯ ಪರೀಕ್ಷೆ.

ಅವಸರವೂ ಕೂಡದು. ಮೊದಲ 24 ಗಂಟೆಯೊಳಗೇ ರೋಗಿಯನ್ನು ಪದೇ ಪದೇ ಎಬ್ಬಿಸಿ ಓಡಾಡಿಸಿದರೆ ಫಲಿತಾಂಶ ಕೆಡುತ್ತದೆಂದು 2015ರ ಅವರ್ಟ್ ಅಧ್ಯಯನ ತೋರಿಸಿತು. ಆ 24 ಗಂಟೆ ಕಳೆದ ಮೇಲಿನ ಮೂರು ತಿಂಗಳು ಮಾತ್ರ ವ್ಯರ್ಥವಾಗಬಾರದು; ಚೇತರಿಕೆಯ ಹೆಚ್ಚಿನ ಪಾಲು ಆಗಲೇ ಬರುತ್ತದೆ.

ಮನೆಯವರಿಗೆ ಹೇಳಿಕೊಟ್ಟು ಕಳಿಸಿದರೆ ಸಾಕು ಎಂಬ ವಾದವಿದೆ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಟೆಂಡ್ ಅಧ್ಯಯನ ಇದನ್ನೇ ಪರೀಕ್ಷಿಸಿತು. ಕುಟುಂಬಕ್ಕೆ ತರಬೇತಿ ಕೊಟ್ಟ ಗುಂಪಿನಲ್ಲೂ ಆರು ತಿಂಗಳಲ್ಲಿ ಸಾವು, ಪರಾವಲಂಬನೆ ಕಡಿಮೆಯಾಗಲಿಲ್ಲ. ಮನೆಯವರ ನೆರವು ಬೇಡವೆಂದಲ್ಲ. ತಜ್ಞರ ಜಾಗವನ್ನು ಅದು ತುಂಬದು.

ಚಾಮರಾಜನಗರದಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ. ಆದರೆ ಮಲೆ ಮಹದೇಶ್ವರ ಬೆಟ್ಟದ ಹಳ್ಳಿಯಿಂದಲೋ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಿಂದಲೋ ಅರ್ಧ ದೇಹ ಸೋತವರನ್ನು ವಾರಕ್ಕೆ ಮೂರು ಸಲ ಅಲ್ಲಿಗೆ ಕರೆದೊಯ್ಯುವುದು ಆಗುವ ಮಾತಲ್ಲ. ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟ್ ಇರಬೇಕು. ಗೊತ್ತಾದ ದಿನಗಳಲ್ಲಿ ಅವರು ಬೆಟ್ಟದ ಆರೋಗ್ಯ ಕೇಂದ್ರಗಳಿಗೂ ಹೋಗಬೇಕು.

ಸಮತೋಲನದ ಅಳತೆಗೆ ದುಬಾರಿ ಯಂತ್ರ ಬೇಡ. 14 ಚಟುವಟಿಕೆಗಳಿಗೆ ಒಟ್ಟು 56 ಅಂಕ ಕೊಡುವ ಬರ್ಗ್ ಮಾಪನಕ್ಕೆ ಕುರ್ಚಿ, ಮೆಟ್ಟಿಲು, ಗಡಿಯಾರ, ಅಳತೆಪಟ್ಟಿ ಇದ್ದರಾಯಿತು. ಕುರ್ಚಿಯಿಂದೆದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹಿಡಿಯುವ ಸೆಕೆಂಡುಗಳನ್ನು ಆಶಾ ಕಾರ್ಯಕರ್ತೆಯೂ ಕಲಿತು ಬರೆದುಕೊಳ್ಳಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಬರ್ಗ್ ಅಂಕವನ್ನೂ ಮುಂದಿನ ತರಬೇತಿಯ ದಿನಾಂಕವನ್ನೂ ನಮೂದಿಸುವಂತೆ ತಮ್ಮ ಕಚೇರಿಯಿಂದ ಸುತ್ತೋಲೆ ಹೊರಡಬೇಕಿದೆ.