ಔಷಧಿ ಸೋತರೆ ಸಾಲ ಯಾರದು?



ಹುರುಳಿಕಾಯಿಗೆ ಚಿಬ್ಬು ರೋಗ ಬಂತು ಅಂದ್ರೆ ಅಂಗಡಿಯವನು ಕಾರ್ಬೆಂಡಜಿಮ್ ಕೊಟ್ಟು ಸಾಲ ಬರೆದುಕೊಳ್ಳುತ್ತಾನೆ. ರೋಗ ನಿಲ್ಲದಿದ್ದರೆ 'ಇನ್ನೊಂದ್ಸಲ ಹೊಡೀರಿ' ಅಂತಾನೆ. ಈ ಔಷಧಿ ಶಿಲೀಂಧ್ರದ ಒಂದೇ ಮರ್ಮಕ್ಕೆ ಹೊಡೆಯುತ್ತದೆ. ಅಲ್ಲೊಂದು ಸಣ್ಣ ಬದಲಾವಣೆಯಾದರೆ ಔಷಧಿ ನಾಟುವುದಿಲ್ಲ. ಅದನ್ನೇ ಹೊಡೆದಷ್ಟೂ ಸಾಯದ ಶಿಲೀಂಧ್ರವೇ ಹೊಲ ತುಂಬುತ್ತದೆ. ಇದೇ ವರ್ಗದ ಬೆನೊಮಿಲ್‌ಗೆ ಸೌತೆ ಜಾತಿಯ ಬೂದಿರೋಗ ಬಗ್ಗುತ್ತಿಲ್ಲವೆಂದು ಅಮೆರಿಕದಲ್ಲಿ ವರದಿಯಾಗಿದ್ದು 1969ರಲ್ಲೇ!

ಪರೀಕ್ಷೆಯೇನು ಬ್ರಹ್ಮವಿದ್ಯೆಯಲ್ಲ. ರೋಗದ ಕಾಯಿಂದ ತೆಗೆದ ಶಿಲೀಂಧ್ರವನ್ನು ಔಷಧಿ ಬೆರೆಸಿದ ಗಾಜಿನ ತಟ್ಟೆಯಲ್ಲಿಟ್ಟರೆ ಸಾಕು. ಬೆಳೆದರೆ ಔಷಧಿ ಸೋತಂತೆ. ಪ್ರತಿ ಹಂಗಾಮಿನಲ್ಲೂ ಸರ್ಕಾರ ಇದನ್ನು ಮಾಡಿಸಿ, ಫಲಿತಾಂಶವನ್ನು ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಲಿ. ನಾವು ಕೇಳುತ್ತಿರುವುದು ಭಿಕ್ಷೆಯನ್ನಲ್ಲ. ಇದು ಸರ್ಕಾರ ನಮಗೆ ತೀರಿಸಬೇಕಾದ ಬಾಕಿ. ಅಲ್ಲೀತನಕ ಸೋತ ಔಷಧಿಯ ಸಾಲ ನಮ್ಮದಲ್ಲ!