ಮೂರು ಸಲ ನಪಾಸಾದ ಶಿಲ್ಪಿ

ಮಣ್ಣಿನಲ್ಲಿ ಮನುಷ್ಯಾಕೃತಿ ಮಾಡಲು ಕೂತ ವಿದ್ಯಾರ್ಥಿ ಎದುರಿನಿಂದಷ್ಟೇ ನೋಡುತ್ತಾನೆ. ಮುಖ, ಎದೆ ಚೆನ್ನಾಗಿಯೇ ಬರುತ್ತವೆ. ಪಕ್ಕಕ್ಕೆ ತಿರುಗಿಸಿದರೆ ಬರೀ ಹಲಗೆ!

ಪ್ಯಾರಿಸ್ಸಿನ ಅಗಸ್ಟ್ ರೋಡಿನ್ (1840–1917) ಸರ್ಕಾರಿ ಕಲಾಶಾಲೆಯ ಪ್ರವೇಶ ಪರೀಕ್ಷೆಗೆ ಮೂರು ಸಲ ಕೂತ. ಚಿತ್ರದಲ್ಲಿ ಪಾಸು, ಶಿಲ್ಪದಲ್ಲೇ ನಪಾಸು. ಹೊಟ್ಟೆಪಾಡಿಗೆ ಅಲಂಕಾರದ ಕೆಲಸಕ್ಕೆ ಸೇರಿದ. ಅವನು ಮಾಡುತ್ತಿದ್ದ ಮಣ್ಣಿನ ಎಲೆಗಳನ್ನು ಕಂಡ ಜೊತೆ ಕೆಲಸಗಾರನೊಬ್ಬ, ಇವು ಚಪ್ಪಟೆಯಾಗಿವೆ, ತುದಿ ನಿನ್ನ ಕಡೆಗೆ ಚಾಚಲಿ ಎಂದು ತಿದ್ದಿದ. ಅದೇ ಪಾಠವನ್ನು ರೋಡಿನ್ ಮನುಷ್ಯ ದೇಹಕ್ಕೂ ಹಚ್ಚಿದ. ರೂಪದರ್ಶಿಯನ್ನು ಎಲ್ಲ ಮಗ್ಗುಲಿನಿಂದಲೂ ನೋಡಿ ಮಣ್ಣಿಗಿಳಿಸಿದ.

1877ರಲ್ಲಿ ‘ಕಂಚಿನ ಯುಗ’ ಪ್ರದರ್ಶನಕ್ಕೆ ಬಂದಾಗ, ಜೀವಂತ ಮನುಷ್ಯನ ಮೈಮೇಲೆಯೇ ಅಚ್ಚು ತೆಗೆದಿದ್ದಾನೆಂದು ದೂರೆದ್ದಿತು. ಶಿಲ್ಪದಲ್ಲಿ ನಪಾಸಾದವನ ಮೇಲೆ ಎಂಥ ಆರೋಪ! ರೂಪದರ್ಶಿಯಾಗಿದ್ದ ಸೈನಿಕನ ಫೋಟೋಗಳನ್ನು ಅವನು ಸಾಕ್ಷಿಗೆ ಒಪ್ಪಿಸಬೇಕಾಯಿತು. 1880ರಲ್ಲಿ ಆ ಪ್ರತಿಮೆಯನ್ನು ಸರ್ಕಾರವೇ ಕೊಂಡಿತು.